ಪ್ರಸಾದದ ಒಣದ್ರಾಕ್ಷಿ ನಾಯಿಗೆ ಕೊಡಬಾರದಾ? ಯಾವ ಹಣ್ಣು ಕೊಡಬಹುದು, ತಿಳಿದವರು ಹೇಳಿ

ಬೆಲ್ಲದ ಅಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಬೆಲ್ಲ ಅಂತ ಒಂದು ನಾಟಿ ನಾಯಿ ಇದೆ. ಮೂರು ವರ್ಷದ ಹೆಣ್ಣು, 16 ಕೆ.ಜಿ. ತೂಕ. ಮೈಬಣ್ಣ ಅಚ್ಚುಬೆಲ್ಲದ್ದೇ, ಅದಕ್ಕೇ ಆ ಹೆಸರು.

ನಮ್ಮ ಮಾವ ದಿನಾ ಬೆಳಿಗ್ಗೆ ಪೂಜೆ ಮಾಡುತ್ತಾರೆ. ನೈವೇದ್ಯಕ್ಕೆ ಒಂದು ಲೋಟ ಹಾಲು, ಬೆಳ್ಳಿ ಬಟ್ಟಲಲ್ಲಿ ಕಲ್ಲುಸಕ್ಕರೆ, ಒಣದ್ರಾಕ್ಷಿ. ಮಂಗಳಾರತಿ ಗಂಟೆ ಕೇಳಿದರೆ ಸಾಕು, ಬೆಲ್ಲ ಎಲ್ಲಿದ್ದರೂ ಓಡಿ ಬಂದು ದೇವರ ಮನೆಯ ಹೊಸ್ತಿಲ ಆಚೆ ಕೂರುತ್ತಾಳೆ. ಒಳಗೆ ಒಂದು ಕಾಲೂ ಇಡುವುದಿಲ್ಲ. ಮಾವ ನಮಗೆಲ್ಲ ತೀರ್ಥ ಕೊಟ್ಟು, ಕೊನೆಗೆ ಅವಳ ಬಾಯಿಗೆ ಎರಡೋ ಮೂರೋ ದ್ರಾಕ್ಷಿ ಹಾಕುತ್ತಾರೆ. ಒಂದು ವರ್ಷದಿಂದ ಹೀಗೇ ನಡೆದಿದೆ.

ನಿನ್ನೆ ಎದುರು ಮನೆಯ ಹುಡುಗಿ ಇದನ್ನು ನೋಡಿ ಗಾಬರಿಯಾದಳು. "ಆಂಟಿ, ದ್ರಾಕ್ಷಿ ನಾಯಿಗೆ ವಿಷ" ಎಂದಳು. ಮಾವನಿಗೆ ಹೇಳಿದೆ. "ದೇವರ ಪ್ರಸಾದ ಎಲ್ಲಾದರೂ ವಿಷ ಆಗುತ್ತೇನಮ್ಮ? ವರ್ಷದಿಂದ ತಿಂದಿದೆ, ಏನಾಗಿದೆ ಅದಕ್ಕೆ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಬೆಳಿಗ್ಗೆ ಕೊಡಲು ಬಿಡಲಿಲ್ಲ. ಅವಳು ಅರ್ಧ ಗಂಟೆ ಹೊಸ್ತಿಲ ಹತ್ತಿರವೇ ಕೂತಿದ್ದಳು. ಮಾವ ಸರಿಯಾಗಿ ತಿಂಡಿ ತಿನ್ನಲಿಲ್ಲ.

ಇದು ನಿಜವಾ? ಹಾಗಾದರೆ ಬೇರೆ ಯಾವ ಹಣ್ಣು ಕೊಡಬಹುದು? ಮಾವಿನ ಕಾಲ ಬೇರೆ ಬಂತು. ರಾಮನವಮಿಗೆ ಕರಬೂಜದ ರಸಾಯನ ಮಾಡುತ್ತೇವೆ. ಇವಳು ಎಲ್ಲದಕ್ಕೂ ಬಾಯಿ ಹಾಕುತ್ತಾಳೆ.

ಕಿರಣ ತುಮಕೂರು

ನಿಜ. ಇವತ್ತೇ ನಿಲ್ಲಿಸಿ. ಉಳಿದ ಮಾತು ಆಮೇಲೆ.

ಚಪ್ಪರದ ಕೆಳಗೆ, ಚಿಕ್ಕಬಳ್ಳಾಪುರ

ಸುಮ್ನೆ ಹೆದರಿಸಬೇಡಿ. ನಮ್ಮದೇ ದ್ರಾಕ್ಷಿ ತೋಟ ಇದೆ, ಬೆಂಗಳೂರು ನೀಲಿ. ತೋಟದ ನಾಯಿ ಕರಿಯ ಚಪ್ಪರದ ಕೆಳಗೆ ಉದುರಿದ ಹಣ್ಣು ತಿಂದುಕೊಂಡೇ ಹನ್ನೊಂದು ವರ್ಷ ಬಾಳಿದ. ದ್ರಾಕ್ಷಿ ವಿಷ ಅಲ್ಲ, ಅದಕ್ಕೆ ಹೊಡೆಯುವ ಔಷಧಿ ವಿಷ. ತೊಳೆಯದೆ ಕೊಟ್ಟರೆ ನಾಯಿಗೇನು, ಮನುಷ್ಯರಿಗೂ ಆಗಿ ಬರುವುದಿಲ್ಲ. ತೊಳೆದು ಕೊಡಿ.

ಹಾಸನದ ಪಶುವೈದ್ಯೆ

ಚಿಕ್ಕಬಳ್ಳಾಪುರದವರೇ, ನಿಮ್ಮ ಕರಿಯನ ವಿಷಯ ನಾನು ನಂಬುತ್ತೇನೆ. ತೊಳೆದು ಕೊಡಿ ಎನ್ನುವ ಸಲಹೆ ಮಾತ್ರ ಅಪಾಯದ್ದು.

ಔಷಧಿ ಹೊಡೆಯದ, ಹಿತ್ತಲಲ್ಲೇ ಬೆಳೆದ ದ್ರಾಕ್ಷಿ ತಿಂದ ನಾಯಿಗಳ ಕಿಡ್ನಿಯೂ ಹೋಗಿದೆ. ಕೀಟನಾಶಕ, ಬೂಷ್ಟಿನ ವಿಷ, ಲೋಹದ ಅಂಶ ಎಲ್ಲವನ್ನೂ ವರ್ಷಗಟ್ಟಲೆ ಹುಡುಕಿದರು. ಅದ್ಯಾವುದೂ ಕಾರಣ ಅಂತ ತೋರಲಿಲ್ಲ. 2021ರಲ್ಲಿ ಅಮೆರಿಕದಲ್ಲಿ ಪ್ರಾಣಿಗಳ ವಿಷ ಪ್ರಕರಣ ನೋಡುವ ವೈದ್ಯರಿಗೆ ಒಂದು ಸುಳಿವು ಸಿಕ್ಕಿತು. ಮಕ್ಕಳಿಗೆ ಅಂತ ಮನೆಯಲ್ಲಿ ಮಾಡಿದ ಆಟದ ಹಿಟ್ಟು ತಿಂದ ನಾಯಿಗೂ, ದ್ರಾಕ್ಷಿ ತಿಂದ ನಾಯಿಗೆ ಆಗುವ ಹಾಗೆಯೇ ಕಿಡ್ನಿ ಕೆಟ್ಟಿತ್ತು. ಆ ಹಿಟ್ಟಿಗೆ ಹಾಕಿದ್ದು ಕ್ರೀಮ್ ಆಫ್ ಟಾರ್ಟರ್, ಅಂದರೆ ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯ ಹುಳಿಯಲ್ಲೂ ಅದೇ ಆಮ್ಲ ಇದೆ. ತಳಿ ಬದಲಾದರೆ, ಕಾಯಿ ಮಾಗಿದ ಹದ ಬದಲಾದರೆ ಅದರ ಪ್ರಮಾಣವೂ ಬದಲಾಗುತ್ತದೆ. ಒಂದು ನಾಯಿಗೆ ಏನೂ ಆಗದೆ ಇನ್ನೊಂದು ಸಾಯುವುದಕ್ಕೆ ಇದೂ ಒಂದು ಕಾರಣ ಇರಬೇಕು ಎಂದು ಈಗ ನಾವು ತಿಳಿದಿದ್ದೇವೆ.

ಇಷ್ಟು ಕೊಟ್ಟರೆ ಪರವಾಗಿಲ್ಲ ಎನ್ನುವ ಲೆಕ್ಕ ಯಾರ ಹತ್ತಿರವೂ ಇಲ್ಲ. ಹಸಿ ದ್ರಾಕ್ಷಿ, ಒಣದ್ರಾಕ್ಷಿ, ಪಾಯಸದಲ್ಲಿ ಬೆಂದದ್ದು, ಕೇಕಿನಲ್ಲಿ ಇರುವುದು ಎಲ್ಲ ಒಂದೇ.

ಬೆಲ್ಲದ ಅಮ್ಮ, ಗಾಬರಿ ಬೇಡ. ಆದರೆ ಈ ವಾರದಲ್ಲೇ ಒಂದು ರಕ್ತ ಪರೀಕ್ಷೆ ಮಾಡಿಸಿ. ಕ್ರಿಯಾಟಿನಿನ್, ಯೂರಿಯಾ, ಫಾಸ್ಪರಸ್ ನೋಡಿಸಿ. ಮೂತ್ರವನ್ನೂ ಮರೆಯದೆ ನೋಡಿಸಿ. ಕಿಡ್ನಿಯ ಮುಕ್ಕಾಲು ಭಾಗ ಕೆಲಸ ನಿಲ್ಲಿಸುವ ತನಕ ಕ್ರಿಯಾಟಿನಿನ್ ಏರದೇ ಇರಬಹುದು. ಮೂತ್ರ ನೀರಿನ ಹಾಗೆ ತೆಳ್ಳಗಾಗುವುದು ಅದಕ್ಕಿಂತ ಮುಂಚೆಯೇ ಗೊತ್ತಾಗುತ್ತದೆ.

ಬಸು, ತಿಕೋಟಾ

ಡಾಕ್ಟರ್ ಹೇಳಿದ್ದು ಖರೇ. ನಾನು ವಿಜಯಪುರ ಜಿಲ್ಲೆಯವ. ನಮ್ಮದು ಒಣದ್ರಾಕ್ಷಿ ಶೆಡ್ ಇದೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ.

ನಮ್ಮ ಕಡೆ ಗೊನೆ ಕೊಯ್ದು, ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ನೀರಲ್ಲಿ ಅದ್ದಿ, ನೆರಳಿನ ಜಾಲರಿ ರ‍್ಯಾಕ್ ಮೇಲೆ ಹರವುತ್ತೇವೆ. ಹದಿನೈದು ದಿನದ ಆಸುಪಾಸು ಬೇಕು. ನಾಲ್ಕು ಕಿಲೋ ಹಣ್ಣು ಹಾಕಿದರೆ ಒಂದು ಕಿಲೋ ಒಣದ್ರಾಕ್ಷಿ ಬರುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ನೀರು ಹೋಗಿರುತ್ತದೆ, ಹುಳಿ ಹೋಗಿರುವುದಿಲ್ಲ. ಒಂದು ಹಿಡಿ ಒಣದ್ರಾಕ್ಷಿ ಅಂದರೆ ನಾಲ್ಕು ಹಿಡಿ ಹಣ್ಣು ತಿಂದಂತೆ.

ನಮ್ಮ ಶೆಡ್ಡಿನಲ್ಲಿ ರಾಜಾ ಅಂತ ಮುಧೋಳ ಅಡ್ಡತಳಿ ನಾಯಿ ಇದ್ದ. ಮೂರು ವರ್ಷದ ಹಿಂದೆ ಒಂದು ರಾತ್ರಿ ಚೀಲ ಹರಿದು ತಿಂದ. ಬೆಳಗಿನ ಜಾವ ಮೂರು ಸಲ ವಾಂತಿ ಮಾಡಿದ. ಟಾರ್ಚ್ ಹಾಕಿ ನೋಡಿದೆ. ದ್ರಾಕ್ಷಿಗಳು ನೀರು ಕುಡಿದು ಉಬ್ಬಿ, ಮತ್ತೆ ಹಸಿ ಹಣ್ಣಿನ ಹಾಗೆ ದುಂಡಗೆ ಬಿದ್ದಿದ್ದವು. ಹೊಟ್ಟೆ ಖಾಲಿ ಆಯ್ತಲ್ಲ, ಇನ್ನು ಆರಾಮ ಆಗ್ತಾನೆ ಅಂತ ಮಲಗಿದೆ. ಮರುದಿನ ಏನೂ ತಿನ್ನಲಿಲ್ಲ, ನೀರು ಮಾತ್ರ ಕುಡಿದ. ಮೂರನೇ ದಿನ ಕಂಬದ ಹತ್ತಿರ ಹೋಗಿ ಕಾಲೆತ್ತಿ ನಿಂತ, ಒಂದು ಹನಿ ಮೂತ್ರ ಬರಲಿಲ್ಲ. ಆಗ ಗಾಡಿಯಲ್ಲಿ ಹಾಕಿಕೊಂಡು ಊರಿಗೆ ಓಡಿದೆ. ಡಾಕ್ಟರು ರಕ್ತ ನೋಡಿ, ಎರಡು ದಿನ ಮೊದಲು ಬರಬೇಕಿತ್ತು ಎಂದರು. ಸಲಾಯಿನ್ ಹಚ್ಚಿದರು. ಐದನೇ ದಿನ ಹೋದ.

ನಾನೂ ಆಗ ಡಿಪ್ಪಿಂಗ್ ಆಯಿಲಿನದ್ದೇ ತಪ್ಪು ಅಂತ ವಾದ ಮಾಡಿದ್ದೆ. ಈಗ ಶೆಡ್ಡಿನ ಬಾಗಿಲಿಗೆ ಕೆಳಗಿನ ತನಕ ಜಾಲರಿ ಹೊಡೆಸಿದ್ದೇನೆ. ಆಳುಗಳ ಮಕ್ಕಳಿಗೂ ಹೇಳಿದ್ದೇನೆ, ನಾಯಿಗೆ ಒಂದು ಕಾಳೂ ಹಾಕಬೇಡಿ ಅಂತ.

ಬೆಲ್ಲದ ಅಮ್ಮ, ಮೈಸೂರು

ಬಸು ಅವರೇ, ಓದಿ ಕಣ್ಣು ತುಂಬಿತು. ನೀವು ಬರೆದದ್ದು ಒಳ್ಳೆಯದಾಯಿತು. ಇದನ್ನು ಮಾವನಿಗೆ ಓದಿ ಹೇಳುತ್ತೇನೆ. ನಾಳೆಗೇ ಡಾಕ್ಟರ ಹತ್ತಿರ ಸಮಯ ಕೇಳಿದ್ದೇನೆ.

ನಾಟಿ ನಾಯಿ ನಮ್ಮ ಹೆಮ್ಮೆ, ಮಂಡ್ಯ

ದುಃಖದ ಸಂಗತಿ, ಒಪ್ಪುತ್ತೇನೆ. ಆದರೂ ಒಂದು ಮಾತು. ಈ ಸೂಕ್ಷ್ಮ ಎಲ್ಲ ಪೇಟೆಯ ವಿದೇಶಿ ತಳಿಗಳದ್ದು. ನಮ್ಮ ನಾಟಿ ನಾಯಿಗಳು ಸಾವಿರಾರು ವರ್ಷ ನಮ್ಮ ಜೊತೆ ಇದ್ದದ್ದನ್ನೇ ತಿಂದು ಬದುಕಿವೆ. ನಮ್ಮ ಅಜ್ಜಿ ಮನೆಯಲ್ಲಿ ಯಾವ ನಾಯಿಗೂ ದ್ರಾಕ್ಷಿಯಿಂದ ಏನೂ ಆಗಲಿಲ್ಲ.

ಹಾಸನದ ಪಶುವೈದ್ಯೆ

ನಿಮ್ಮ ಅಜ್ಜಿ ಮನೆಯಲ್ಲಿ ನಾಯಿ ಸತ್ತರೆ ಏನು ಹೇಳುತ್ತಿದ್ದರು? ಹಾವು ಕಚ್ಚಿರಬೇಕು, ಯಾರೋ ಮದ್ದು ಹಾಕಿರಬೇಕು, ಇಲ್ಲ ಕಾಯಿಲೆ ಬಂದಿರಬೇಕು. ಅಲ್ವಾ? ಯಾರಾದರೂ ರಕ್ತ ಪರೀಕ್ಷೆ ಮಾಡಿಸಿದ್ದರಾ? ಏನೂ ಆಗಲಿಲ್ಲ ಎನ್ನುವುದೇ ಬೇರೆ, ಯಾರೂ ನೋಡಲಿಲ್ಲ ಎನ್ನುವುದೇ ಬೇರೆ. ಕಿಡ್ನಿಗೆ ನಾಟಿ, ವಿದೇಶಿ ಅಂತ ಇಲ್ಲ. ಬಸು ಅವರ ರಾಜಾ ಕೂಡ ನಮ್ಮ ನೆಲದ ರಕ್ತದವನೇ.

ನಾಟಿ ನಾಯಿ ನಮ್ಮ ಹೆಮ್ಮೆ, ಮಂಡ್ಯ

ಈ ಮಾತು ಯೋಚಿಸಬೇಕಾದದ್ದೇ. ನಮ್ಮ ಮನೆಯ ಎರಡು ನಾಯಿಗಳು ಹೇಗೆ ಹೋದವು ಅಂತ ನಮಗೆ ನಿಜವಾಗಿ ಗೊತ್ತಿಲ್ಲ.

ಲತಾ, ಬಸವನಗುಡಿ

ಟಾರ್ಟಾರಿಕ್ ಆಮ್ಲ ಅಂದಿರಿ. ಹುಣಸೆಹಣ್ಣಲ್ಲೂ ಅದೇ ಇರುವುದು ಅಲ್ವಾ? ನಾನು ಕೆಮಿಸ್ಟ್ರಿ ಪಾಠ ಮಾಡಿದವಳು, ಅದಕ್ಕೇ ತಲೆಗೆ ಬಂತು. ನಮ್ಮ ಬೀದಿಯಲ್ಲಿ ಎಲ್ಲರೂ ನಾಯಿಗೆ ಉಳಿದ ಸಾರನ್ನ ಹಾಕುತ್ತಾರೆ.

ಹಾಸನದ ಪಶುವೈದ್ಯೆ

ಸರಿಯಾಗಿ ಹಿಡಿದಿರಿ. ಹುಣಸೆಯ ಹುಳಿ ಬಹುಪಾಲು ಅದೇ ಆಮ್ಲದ್ದು. 2022ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ಪ್ರಕರಣಗಳೂ ಇವೆ. ಸಾರಿನಲ್ಲಿ ಹುಣಸೆ ತೆಳುವಾಗಿರುತ್ತದೆ. ಪುಳಿಯೋಗರೆ ಗೊಜ್ಜು, ಹುಣಸೆ ತೊಕ್ಕು, ಮಕ್ಕಳು ಚೀಪುವ ಚಿಗಳಿ, ಇವುಗಳಲ್ಲಿ ಗಟ್ಟಿಯಾಗಿ ಇರುತ್ತದೆ. ಇವು ನಾಯಿಯ ಹತ್ತಿರವೂ ಹೋಗಬಾರದು. ಹುಣಸೆ ಬಿಡಿಸುವ ಕಾಲದಲ್ಲಿ ಅಂಗಳದಲ್ಲಿ ರಾಶಿ ಹಾಕಿರುತ್ತಾರಲ್ಲ, ಆಗಲೂ ಎಚ್ಚರ.

ಸಾರನ್ನ, ಹುಳಿಯನ್ನ ಹಾಕುವವರು ಇನ್ನೊಂದನ್ನೂ ನೆನಪಿಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಅಷ್ಟೇ. ಸಪ್ಪೆ ಅನ್ನಕ್ಕೆ ಸ್ವಲ್ಪ ಮೊಸರು ಕಲಸಿ ಹಾಕಿ, ಅಥವಾ ಬೇಯಿಸಿದ ಮೊಟ್ಟೆ.

ಕಿರಣ ತುಮಕೂರು

ಹುಣಸೆ ವಿಷಯ ನನಗೂ ಗೊತ್ತಿರಲಿಲ್ಲ. ತುಮಕೂರಿನವನಾಗಿ ಇದು ಗೊತ್ತಿರಬೇಕಿತ್ತು. ನಮ್ಮ ಮನೆ ಮುಂದೆಯೇ ಮರ ಇದೆ.

ಮಾವಿನ ಮನೆ, ಶ್ರೀನಿವಾಸಪುರ

ಮಾವಿನ ಬಗ್ಗೆ ಕೇಳಿದ್ದಿರಿ. ಹಣ್ಣು ಒಳ್ಳೆಯದೇ, ವಾಟೆ ಅಪಾಯ.

ಹೋದ ಬೇಸಿಗೆಯಲ್ಲಿ ನಮ್ಮ ಬೀಗಲ್ ಒಂದು ಬಾದಾಮಿ ಮಾವಿನ ವಾಟೆ ನುಂಗಿತು. ನಾವು ನೋಡಲೇ ಇಲ್ಲ. ಅದು ರಸ ಚೀಪುತ್ತಾ ಕೂತಿತ್ತು, ನಾವು ಫೋಟೊ ತೆಗೆಯುತ್ತಿದ್ದೆವು. ಎರಡು ದಿನ ಆದ ಮೇಲೆ ತಿಂದದ್ದೆಲ್ಲ ವಾಂತಿ. ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಮಾವಿನ ಹಣ್ಣು ತಿಂದಿತ್ತು ಅಂತ ನಾನು ಎರಡು ಸಲ ಹೇಳಿದೆ. "ಹೀಟ್ ಆಗಿದೆ" ಅಂತ ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮರುದಿನ ಮತ್ತೆ ಅದೇ ಇಂಜೆಕ್ಷನ್. ಹೊಟ್ಟೆ ಮುಟ್ಟಿ ಸಹ ನೋಡಲಿಲ್ಲ. ನಾಲ್ಕನೇ ದಿನ ಬೆಂಗಳೂರಿಗೆ ಹೋದ ಮೇಲೆ ಸ್ಕ್ಯಾನ್ ಮಾಡಿದರು. ವಾಟೆ ಸಣ್ಣ ಕರುಳಿನಲ್ಲಿ ಸಿಕ್ಕಿಕೊಂಡಿತ್ತು. ಆಪರೇಷನ್ ಮಾಡಿ ತೆಗೆದರು. ಕರುಳಿನ ಒಂದು ತುಂಡು ಕಪ್ಪಾಗಿತ್ತು, ಅದನ್ನೂ ಕತ್ತರಿಸಬೇಕಾಯಿತು. ಉಳಿಯಿತು, ದೇವರು ದೊಡ್ಡವನು.

ಯಾರೇ ಆಗಲಿ, ಬಿಡದೆ ವಾಂತಿ ಆಗುತ್ತಿದ್ದರೆ ಸ್ಕ್ಯಾನ್ ಮಾಡಿ ಅಂತ ನೀವೇ ಬಾಯಿ ಬಿಟ್ಟು ಕೇಳಿ. ಸಂಕೋಚ ಪಡಬೇಡಿ.

ಸಹನಾ, ಧಾರವಾಡ

ವಾಟೆ ಅಂದರೆ ಗೊರಟ ಅಲ್ವಾ? ನಾವು ಗೊರಟ ಅಂತೀವಿ.

ಬೆಲ್ಲದ ಅಮ್ಮ, ಮೈಸೂರು

ನಮ್ಮಲ್ಲಿ ಓಟೆ.

ಪುತ್ತೂರಿನ ಗೇರುತೋಟ

ನಮ್ಮಲ್ಲಿ ಗೊರಟು. ಹೆಸರು ಯಾವುದಾದರೂ ಇರಲಿ, ನಾಯಿಗೆ ಕೊಡಬೇಡಿ.

ನಮ್ಮ ಕರಾವಳಿಯ ಹಣ್ಣುಗಳ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ನಾಯಿಗೆ ಹಲಸು ಅಂದರೆ ಪ್ರಾಣ. ಮರದಲ್ಲಿ ಹಣ್ಣಾದ ವಾಸನೆ ನಮಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ. ಬೀಜ ತೆಗೆದು ಒಂದು ಸೊಳೆಯನ್ನು ನಾಲ್ಕು ತುಂಡು ಮಾಡಿ ಕೊಡುತ್ತೇವೆ. ಎರಡು ಸೊಳೆ ದಾಟಿದರೆ ಮರುದಿನ ಭೇದಿ ಗ್ಯಾರಂಟಿ. ಬೀಜ ಮತ್ತು ಮೇಣದ ರಚ್ಚೆ ಕೊಡುವುದಿಲ್ಲ.

ಗೇರುಬೀಜದ ಕಾಲದಲ್ಲಿ ನಾಯಿಯನ್ನು ತೋಟಕ್ಕೆ ಬಿಡಬೇಡಿ. ಹಣ್ಣಿನ ಆಸೆಗೆ ಹೋಗಿ ಹಸಿ ಬೀಜ ಕಚ್ಚಿದರೆ ಸಿಪ್ಪೆಯ ಎಣ್ಣೆಯಿಂದ ಬಾಯಿ ಸುಟ್ಟು ಹೋಗುತ್ತದೆ. ಆ ಎಣ್ಣೆ ನಮ್ಮ ಕೈಯ ಚರ್ಮವನ್ನೇ ಕಿತ್ತು ಹಾಕುತ್ತದೆ, ಇನ್ನು ನಾಲಿಗೆ ಏನಾಗಬೇಡ. ಧಾರೆಹುಳಿ, ಅಂದರೆ ಸ್ಟಾರ್ ಫ್ರೂಟ್, ಅದೂ ಬೇಡ ಅಂತ ನಮ್ಮ ಡಾಕ್ಟರು ಹೇಳಿದ್ದಾರೆ. ಅದರ ಆಕ್ಸಲೇಟ್ ಕಿಡ್ನಿಗೆ ಒಳ್ಳೆಯದಲ್ಲವಂತೆ.

ಕಾಫಿ ಬೆಟ್ಟ, ಮಡಿಕೇರಿ

ಬೆಣ್ಣೆಹಣ್ಣಿನ ಬಗ್ಗೆ ಡಾಕ್ಟರ್ ಹೇಳಬೇಕು. ನಮ್ಮ ತೋಟದಲ್ಲಿ ಮಳೆಗಾಲದಲ್ಲಿ ನೆಲ ತುಂಬ ಬಿದ್ದಿರುತ್ತದೆ. ನಾಯಿಗಳು ಪೈಪೋಟಿ ಮಾಡಿ ತಿನ್ನುತ್ತವೆ. ಕೂದಲು ಮಾತ್ರ ಹೊಳೆಯುತ್ತದೆ! ಕೆಲವರು ವಿಷ ಅನ್ನುತ್ತಾರೆ, ಕೆಲವರು ಒಳ್ಳೆಯದು ಅನ್ನುತ್ತಾರೆ.

ಹಾಸನದ ಪಶುವೈದ್ಯೆ

ಅದರಲ್ಲಿ ಪರ್ಸಿನ್ ಎನ್ನುವ ಅಂಶ ಇದೆ. ಹಕ್ಕಿ, ಮೇಕೆ, ಕುದುರೆಗಳಿಗೆ ಅದು ನಿಜವಾಗಿ ಅಪಾಯ. ನಾಯಿಗಳು ಅದನ್ನು ತಡೆದುಕೊಳ್ಳುತ್ತವೆ. ನಾಯಿಗೆ ತೊಂದರೆ ಬರುವುದು ಎರಡು ಕಡೆಯಿಂದ. ಒಂದು, ದೊಡ್ಡ ಗುಂಡು ಬೀಜ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುವುದು. ಇನ್ನೊಂದು ಕೊಬ್ಬು. ಜಾಸ್ತಿ ಕೊಬ್ಬು ಒಮ್ಮೆಲೇ ಒಳಗೆ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಆ ನೋವಿಗೆ ನಾಯಿ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ ನಿಲ್ಲುತ್ತದೆ. ನಿಮ್ಮ ನಾಯಿ ಹಾಗೆ ನಿಂತದ್ದು ಕಂಡರೆ ತಡ ಮಾಡಬೇಡಿ. ಪೇಟೆಯ ಜ್ಯೂಸ್ ಅಂಗಡಿಯ ಬಟರ್ ಫ್ರೂಟ್ ಅಂತೂ ಬೇಡವೇ ಬೇಡ, ಸಕ್ಕರೆ ಐಸ್‌ಕ್ರೀಮ್ ಎಲ್ಲ ಹಾಕಿರುತ್ತಾರೆ.

ಕಾಫಿ ಬೆಟ್ಟ, ಮಡಿಕೇರಿ

ಮುಂಗಾಲು ಚಾಚಿ ನಿಲ್ಲುವುದು ನೋಡಿದ್ದೇನೆ. ಮೈ ಮುರಿಯುತ್ತಿದೆ ಅಂದುಕೊಂಡಿದ್ದೆ. ಈ ಸಲ ಹಣ್ಣು ದಿನಾ ಆರಿಸಿಬಿಡುತ್ತೇವೆ.

ರಮೇಶ್ ದಾವಣಗೆರೆ

ಇಷ್ಟೆಲ್ಲ ಯಾಕೆ? ನಾಯಿ ತಪ್ಪಿ ಏನಾದರೂ ತಿಂದರೆ ಎರಡು ಚಮಚ ಉಪ್ಪು ನೀರಿಗೆ ಹಾಕಿ ಕುಡಿಸಿ. ಎಲ್ಲ ವಾಂತಿ ಆಗಿ ಹೋಗುತ್ತದೆ. ನಮ್ಮ ಹಳ್ಳಿಯಲ್ಲಿ ಇದೇ ಮದ್ದು.

ಹಾಸನದ ಪಶುವೈದ್ಯೆ

ರಮೇಶ್ ಅವರೇ, ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ವಾಂತಿ ಆಗದೆ ಆ ಉಪ್ಪು ಹೊಟ್ಟೆಯಲ್ಲೇ ಉಳಿದರೆ ರಕ್ತದಲ್ಲಿ ಸೋಡಿಯಂ ಏರಿ ನಾಯಿಗೆ ಫಿಟ್ಸ್ ಬರುತ್ತದೆ, ಪ್ರಾಣವೂ ಹೋಗಬಹುದು. ಬಲವಂತವಾಗಿ ಬಾಯಿಗೆ ಸುರಿದರೆ ನೀರು ಶ್ವಾಸಕೋಶಕ್ಕೂ ಹೋಗುತ್ತದೆ. ದ್ರಾಕ್ಷಿಯ ವಿಷದಿಂದ ಉಳಿಯಬಹುದಾಗಿದ್ದ ನಾಯಿ ಉಪ್ಪಿನಿಂದ ಹೋಗಬಾರದು.

ತಿಂದದ್ದು ಕಂಡರೆ ಕೂಡಲೇ ಫೋನ್ ಮಾಡಿ. ಎಷ್ಟು ಹೊತ್ತಿಗೆ, ಏನು, ಸುಮಾರು ಎಷ್ಟು ತಿಂದಿತು, ನಾಯಿಯ ತೂಕ ಎಷ್ಟು, ಇಷ್ಟು ಹೇಳಿ. ಒಂದೆರಡು ಗಂಟೆಯೊಳಗೆ ಬಂದರೆ ನಾವೇ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತೇವೆ. ಆಮೇಲೆ ಎರಡು ದಿನ ಡ್ರಿಪ್, ದಿನಕ್ಕೊಮ್ಮೆ ರಕ್ತ ಪರೀಕ್ಷೆ. ಹೀಗೆ ಬೇಗ ಬಂದ ನಾಯಿಗಳು ಹೆಚ್ಚಾಗಿ ನಡೆದುಕೊಂಡೇ ಮನೆಗೆ ಹೋಗುತ್ತವೆ. ಮೂತ್ರ ನಿಂತ ಮೇಲೆ ಬಂದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ರಮೇಶ್ ದಾವಣಗೆರೆ

ಸರಿ ಮೇಡಂ. ಇಷ್ಟು ದಿನ ಎಲ್ಲರಿಗೂ ಇದನ್ನೇ ಹೇಳಿದ್ದೆ. ಇನ್ನು ಹೇಳುವುದಿಲ್ಲ. ನಮ್ಮ ಊರಿನ ಗುಂಪಿನಲ್ಲೂ ನಿಮ್ಮ ಮಾತು ಹಾಕುತ್ತೇನೆ.

ನ್ಯೂಜೆರ್ಸಿ ಕನ್ನಡಿಗ

ಇಲ್ಲಿಂದ ಒಂದು ಮಾತು. ಊರಿಗೆ ಬರುವಾಗ ಅಪ್ಪ ಅಮ್ಮನ ಡಯಾಬಿಟಿಸ್‌ಗೆ ಅಂತ ಸಕ್ಕರೆ ಇಲ್ಲದ ಬಿಸ್ಕತ್ತು, ಚೂಯಿಂಗ್ ಗಮ್, ಕಡಲೆಕಾಯಿ ಬೆಣ್ಣೆ ತರುತ್ತೇವಲ್ಲ, ಅದರ ಲೇಬಲ್ ಓದಿ. ಕ್ಸೈಲಿಟಾಲ್ ಅಂತ ಇದ್ದರೆ ನಾಯಿಗೆ ಒಂದು ಚೂರೂ ಕೊಡಬೇಡಿ. ಅದು ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸುತ್ತದೆ, ಲಿವರನ್ನೂ ಕೆಡಿಸುತ್ತದೆ. ಬಾಳೆಹಣ್ಣಿಗೆ ಕಡಲೆಕಾಯಿ ಬೆಣ್ಣೆ ಹಚ್ಚಿ ಕೊಡುವ ಅಭ್ಯಾಸ ಇರುವವರು ನೋಡಿಕೊಳ್ಳಿ.

ಸಹನಾ, ಧಾರವಾಡ

ಕೊಡಬಾರದ್ದೇ ಜಾಸ್ತಿ ಆಯಿತು. ಕೊಡಬಹುದಾದ್ದು ಹೇಳಿ. ಪೇರಲ ಹಣ್ಣು? ಚಿಕ್ಕು? ನಮ್ಮ ಅಂಗಳದಲ್ಲಿ ಎರಡೂ ಗಿಡ ಇವೆ.

ಹಾಸನದ ಪಶುವೈದ್ಯೆ

ಪೇರಲ ಕೊಡಿ, ಸಣ್ಣ ತುಂಡು. ಮಧ್ಯದ ಬೀಜದ ಭಾಗ ಜಾಸ್ತಿ ಹೋದರೆ ಮಲ ಗಟ್ಟಿಯಾಗುತ್ತದೆ, ಅದನ್ನು ತೆಗೆಯಿರಿ. ಚಿಕ್ಕುವಿನಲ್ಲಿ ತುಂಬ ಸಕ್ಕರೆ ಇದೆ. ಯಾವಾಗಲೋ ಒಂದು ಹೋಳು ಸಾಕು. ಅದರ ಬೀಜಕ್ಕೆ ಕೊಕ್ಕೆ ಇರುತ್ತದೆ, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಗಂಟಲಿಗೆ ಚುಚ್ಚಿಕೊಳ್ಳುತ್ತದೆ. ಒಂದೊಂದೇ ಎಣಿಸಿ ತೆಗೆಯಿರಿ.

ಕಲ್ಲಂಗಡಿ, ಕರಬೂಜ ಎರಡೂ ಬೇಸಿಗೆಗೆ ಒಳ್ಳೆಯದು, ಬೀಜ ಸಿಪ್ಪೆ ಬಿಟ್ಟು. ಪಪ್ಪಾಯಿ ಕೊಡಿ, ಕರಿ ಬೀಜ ಬೇಡ. ಸೇಬಿನ ಮಧ್ಯದ ದಿಂಡು ಮತ್ತು ಬೀಜ ತೆಗೆಯಿರಿ. ಸೀತಾಫಲ ನಾನು ಕೊಡಬೇಡಿ ಎನ್ನುತ್ತೇನೆ. ಅದರ ತುಂಬ ಬೀಜ, ಬೀಜದಲ್ಲಿ ವಿಷ. ಹಿಂದೆ ಹೇನಿಗೆ ಅದನ್ನೇ ಅರೆದು ಹಚ್ಚುತ್ತಿದ್ದರು. ಒಂದನ್ನು ತೆಗೆಯಲು ಮರೆತು ನಾಯಿ ಅಗಿದುಬಿಟ್ಟರೆ ಕಷ್ಟ. ಕಿತ್ತಳೆ ಒಂದು ತೊಳೆ ಪರವಾಗಿಲ್ಲ, ಸಿಪ್ಪೆ ಬೇಡ.

ಇನ್ನು ಪ್ರಮಾಣ. ದಿನದ ಊಟದ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಈ ತರಹದ ತಿನಿಸು ಇರಬೇಕು. ಬೆಲ್ಲದಂಥ 16 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 800 ಕ್ಯಾಲರಿ ಬೇಕು. ಅಂದರೆ ಹಣ್ಣು, ಬಿಸ್ಕತ್ತು ಎಲ್ಲ ಸೇರಿ 80. ಒಂದು ಚಿಕ್ಕ ಏಲಕ್ಕಿ ಬಾಳೆಯಲ್ಲೇ ಅದರ ಅರ್ಧಕ್ಕಿಂತ ಜಾಸ್ತಿ ಮುಗಿಯುತ್ತದೆ.

ಲ್ಯಾಬ್ ಅಪ್ಪ, ಹುಬ್ಬಳ್ಳಿ

ನಮ್ಮ ಲ್ಯಾಬ್ರಡಾರ್‌ಗೆ ಹತ್ತರಲ್ಲಿ ಒಂದು ಪಾಲು ಅಂತ ಹೇಳಿ ನೋಡಿ! ಅದಕ್ಕೆ ಹೊಟ್ಟೆ ತುಂಬುವುದೇ ಇಲ್ಲ. ಮನೆಯವರು ನನ್ನನ್ನು ಬೈಯುತ್ತಾರೆ, ನೀನೇ ಕೆಡಿಸಿದ್ದು ಅಂತ. 2016ರಲ್ಲಿ ಕೇಂಬ್ರಿಡ್ಜ್‌ನವರು ಕಂಡುಹಿಡಿದ ವಿಷಯ ಓದಿದ ಮೇಲೆ ಸ್ವಲ್ಪ ಸಮಾಧಾನ ಆಯಿತು. ಅವರು ನೋಡಿದ ಲ್ಯಾಬ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹಸಿವಿನ ಜೀನ್‌ನ ಒಂದು ತುಂಡೇ ಇಲ್ಲವಂತೆ. ಈಗ ನಾನು ಹಣ್ಣಿನ ಬದಲು ಸೌತೆಕಾಯಿ ಕೊಡುತ್ತೇನೆ. ಕರುಂ ಕರುಂ ಅಂತ ಅಗಿಯುತ್ತದೆ, ತೂಕವೂ ಏರುವುದಿಲ್ಲ. ಕಹಿ ಇದೆಯಾ ಅಂತ ಮೊದಲು ನಾನು ತಿಂದು ನೋಡುತ್ತೇನೆ.

ಚಪ್ಪರದ ಕೆಳಗೆ, ಚಿಕ್ಕಬಳ್ಳಾಪುರ

ಎಲ್ಲವನ್ನೂ ಓದಿದೆ. ಬಸು ಅವರ ಮಾತು ಮನಸ್ಸಿಗೆ ತಾಗಿತು. ನಾನು ತೊಳೆದು ಕೊಡಿ ಎಂದದ್ದು ತಪ್ಪು. ಈಗ ಕರಿಯನ ಮಗಳು ಇದ್ದಾಳೆ ತೋಟದಲ್ಲಿ. ಕಟಾವಿನ ದಿನಗಳಲ್ಲಿ ಅವಳನ್ನು ಮನೆಯ ಹತ್ತಿರ ಕಟ್ಟುತ್ತೇನೆ. ಒಂದು ಅನುಮಾನ, ನೇರಳೆ ಹಣ್ಣು? ನೋಡಲು ನೀಲಿ ದ್ರಾಕ್ಷಿಯ ಹಾಗೇ ಇರುತ್ತದೆ.

ಹಾಸನದ ಪಶುವೈದ್ಯೆ

ನೇರಳೆ ಬೇರೆ ಜಾತಿ. ಬೀಜ ತೆಗೆದು ಒಂದೆರಡು ಕೊಟ್ಟರೆ ತೊಂದರೆ ಇಲ್ಲ. ಮರುದಿನ ಮಲ ಕಪ್ಪಾದರೆ ಹೆದರಬೇಡಿ. ಆದರೆ ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ. ನೇರಳೆ ಕೊಟ್ಟವರು ನಾಳೆ ದ್ರಾಕ್ಷಿಯನ್ನೂ ಕೊಡುತ್ತಾರೆ.

ಕಟ್ಟುತ್ತೇನೆ ಎಂದಿರಲ್ಲ, ಅವಳ ಪರವಾಗಿ ನಾನೇ ಥ್ಯಾಂಕ್ಸ್ ಹೇಳುತ್ತೇನೆ.

ಬೆಲ್ಲದ ಅಮ್ಮ, ಮೈಸೂರು

ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ. ರಿಪೋರ್ಟ್ ಬಂತು. ಕ್ರಿಯಾಟಿನಿನ್ 1.0. ಯೂರಿಯಾ, ಫಾಸ್ಪರಸ್ ಎಲ್ಲ ಸರಿ ಇದೆ. ಮೂತ್ರವೂ ಚೆನ್ನಾಗಿದೆ. ಒಂದು ತಿಂಗಳ ಮೇಲೆ ಇನ್ನೊಮ್ಮೆ ನೋಡೋಣ ಎಂದಿದ್ದಾರೆ.

ಬಸು ಅವರ ಮಾತನ್ನು ಮಾವನಿಗೆ ಓದಿ ಹೇಳಿದ್ದೆ. ಅವರು ಏನೂ ಅನ್ನಲಿಲ್ಲ. ಆಸ್ಪತ್ರೆಗೆ ಹೊರಟಾಗ ತಾವೇ ಶಲ್ಯ ಹೊದ್ದು ಕಾರಿನಲ್ಲಿ ಕೂತರು. ರಕ್ತ ತೆಗೆಯುವಾಗ ಬೆಲ್ಲದ ತಲೆ ಹಿಡಿದುಕೊಂಡದ್ದೂ ಅವರೇ. ಬರುವಾಗ ದಾರಿಯಲ್ಲಿ ಒಂದೇ ಮಾತು ಹೇಳಿದರು. "ನನ್ನ ಕೈಯಾರೆ ಹಾಕುತ್ತಿದ್ದೆನಲ್ಲಮ್ಮ." ನಾನು, ನಮಗ್ಯಾರಿಗೂ ಗೊತ್ತಿರಲಿಲ್ಲ ಮಾವ ಎಂದೆ.

ಮರುದಿನದಿಂದ ನೈವೇದ್ಯ ಬದಲಾಗಿದೆ. ಬೆಳ್ಳಿ ಬಟ್ಟಲಿನಲ್ಲಿ ಈಗ ಕಲ್ಲುಸಕ್ಕರೆ ಮಾತ್ರ. ಪಕ್ಕದಲ್ಲಿ ಒಂದು ರಸಬಾಳೆ. ಒಣದ್ರಾಕ್ಷಿ ಡಬ್ಬಿಯನ್ನು ಮಾವನೇ ಮೇಲಿನ ಅಟ್ಟಕ್ಕೆ ಇಟ್ಟರು. ಮೊದಲ ದಿನ ಬೆಲ್ಲ ಬಾಳೆಹಣ್ಣನ್ನು ಮೂಸಿ, ಮತ್ತೆ ಬಟ್ಟಲನ್ನೇ ನೋಡಿದಳು. ಎರಡನೇ ದಿನ ನೆಕ್ಕಿದಳು. ಇವತ್ತು ಗಂಟೆ ನಿಲ್ಲುವ ಮೊದಲೇ ಬಾಯಿ ತೆರೆದು ಕೂತಿದ್ದಳು.

ರಾಮನವಮಿ ರಸಾಯನಕ್ಕೆ ಮೊದಲು ಒಂದು ಹಿಡಿ ಕರಬೂಜವನ್ನು ಅವಳಿಗೆ ಅಂತ ಬೇರೆ ತೆಗೆದಿಟ್ಟು, ಆಮೇಲೆ ಬೆಲ್ಲ, ದ್ರಾಕ್ಷಿ ಹಾಕುತ್ತೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಬಸು, ತಿಕೋಟಾ

ಭಾಳ ಖುಷಿ ಆಯ್ತು ಅಕ್ಕಾ. ಮಾವನವರಿಗೆ ನನ್ನ ನಮಸ್ಕಾರ ಹೇಳ್ರಿ.

ಲತಾ, ಬಸವನಗುಡಿ

ರಸಬಾಳೆ ಎಲ್ಲಿ ಸಿಕ್ಕಿತು? ನಿಜವಾದ ನಂಜನಗೂಡು ರಸಬಾಳೆ ತಿಂದು ಎಷ್ಟು ವರ್ಷ ಆಯಿತೋ. ಸೊರಗು ರೋಗ ಬಂದ ಮೇಲೆ ಬೆಳೆಯುವವರೇ ಕಡಿಮೆಯಾದರು ಅಂತ ಕೇಳಿದ್ದೆ.

ಬೆಲ್ಲದ ಅಮ್ಮ, ಮೈಸೂರು

ದೇವರಾಜ ಮಾರುಕಟ್ಟೆಯಲ್ಲಿ ಮಾವನ ಗುರುತಿನವರು ಒಬ್ಬರು ಇದ್ದಾರೆ. ಎಲ್ಲ ದಿನ ಸಿಗುವುದಿಲ್ಲ. ಸಿಕ್ಕ ದಿನ ಬೆಲ್ಲಕ್ಕೆ ಎರಡು ಬಿಲ್ಲೆ, ಉಳಿದದ್ದು ಮಾವನಿಗೆ.